ಬಿಲ್ ಜಗಳಕ್ಕೆ ನಾಲ್ಕು ಸುತ್ತು: ಕಂಪನಿಗೆ ಎರಡು ಸ್ಟಾರ್, ಫೋನ್ ಎತ್ತಿದ ಆ ಹೆಣ್ಣುಮಗಳಿಗೆ ಐದು

ಮೊದಲೇ ಹೇಳಿಬಿಡುತ್ತೇನೆ, ನಾನು ಆರು ವರ್ಷ ಬಿಲ್ಲಿಂಗ್ ಡೆಸ್ಕ್‌ನಲ್ಲಿ ಕೂತು ಬೈಸಿಕೊಂಡವನು. ಕರೆಂಟ್ ಬಿಲ್‌ಗಳ ಕಾಲ್ ಸೆಂಟರ್. ತಲೆಗೆ ಹೆಡ್‌ಸೆಟ್, ಎದುರಿಗೆ ಎರಡು ಸ್ಕ್ರೀನ್, ಕಿವಿಯಲ್ಲಿ ಯಾರದ್ದೋ ಕೋಪ. ಆ ಕೆಲಸ ಬಿಟ್ಟು ಬಹಳ ದಿನವಾಯಿತು. ಈಗ ನಮ್ಮ ಮನೆಯ ಇಂಟರ್ನೆಟ್ ಕಂಪನಿ ಜೊತೆ ಬಿಲ್ ಜಗಳ ಮಾಡಿಕೊಂಡು, ಐದು ವಾರದಲ್ಲಿ ನಾಲ್ಕು ಸಲ ಅವರ ಕಸ್ಟಮರ್ ಕೇರ್ ಹತ್ತಿರ ತಲೆ ಚಚ್ಚಿಕೊಂಡು ಬಂದಿದ್ದೇನೆ. ಹಾಗಾಗಿ ಇದು ಫೋನಿನ ಎರಡೂ ತುದಿ ಕಂಡವನ ವಿಮರ್ಶೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬೇಕಾಗಿಯೂ ಇಲ್ಲ, ಓದುತ್ತಾ ಹೋದರೆ ನಿಮಗೆ ನಿಮ್ಮ ಕಂಪನಿಯೇ ನೆನಪಾಗುತ್ತದೆ.

ವಿಷಯ ಇಷ್ಟೇ. ತಿಂಗಳ ಮಧ್ಯದಲ್ಲಿ ಪ್ಲಾನ್ ಬದಲಾಯಿಸಿ ಜಾಸ್ತಿ ಸ್ಪೀಡಿನದಕ್ಕೆ ಹೋದೆ. ಹೊಸ ರೂಟರ್ ಕೊಟ್ಟರು, ಹಳೇದು ವಾಪಸ್ ಕೊಟ್ಟೆ. ಮುಂದಿನ ಬಿಲ್ ಬಂತು ನೋಡಿ, ಮಾಮೂಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು. ಒಟ್ಟು ಮೊತ್ತ ಮಾತ್ರ ದಪ್ಪ ಅಕ್ಷರದಲ್ಲಿ ಮೊದಲ ಪುಟದ ಮೇಲೆ. ಅದು ಹೇಗೆ ಬಂತು ಅನ್ನುವುದು ಎರಡನೇ ಪುಟದಲ್ಲಿ, ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ. ನಾನು ಎರಡನೇ ಪುಟ ನೋಡಲೇ ಇಲ್ಲ. ಆರು ವರ್ಷ ದಿನಾ ಜನರಿಗೆ 'ಎರಡನೇ ಪುಟ ನೋಡಿ' ಎಂದು ಹೇಳಿದವನು, ನನ್ನದೇ ಬಿಲ್ ಬಂದಾಗ ಸೀದಾ ಫೋನ್ ಎತ್ತಿಕೊಂಡೆ.

38 ನಿಮಿಷ ಹೋಲ್ಡ್. ನಡುನಡುವೆ ಒಂದು ದನಿ, 'ಸದ್ಯ ನಿರೀಕ್ಷೆಗೆ ಮೀರಿ ಕರೆಗಳು ಬರುತ್ತಿವೆ' ಎನ್ನುತ್ತಿತ್ತು. ಇದನ್ನು ಕೇಳಿದಾಗ ನನಗೆ ನಗು ಬರುತ್ತದೆ, ಯಾಕೆ ಅಂದರೆ ಇದು ಸುಳ್ಳು ಅಂತ ಗೊತ್ತು. ಬಿಲ್ ಯಾವ ದಿನ ಹೋಗುತ್ತದೆ ಅಂತ ಕಂಪನಿಗೆ ಗೊತ್ತಿಲ್ವಾ? ಬಿಲ್ ಹೋದ ಮೂರ್ನಾಲ್ಕು ದಿನ ಫೋನ್ ಜಾಸ್ತಿ ಬರುತ್ತದೆ ಅನ್ನುವುದು ಡೆಸ್ಕ್‌ನಲ್ಲಿ ಮೊದಲ ತಿಂಗಳು ಕೂತ ಹುಡುಗನಿಗೂ ಗೊತ್ತು. ಇಷ್ಟು ಕರೆ ಬಂದರೆ ಇಷ್ಟು ಜನ ಬೇಕು, ಇಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬ ಲೆಕ್ಕ ಹೊಸದೂ ಅಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲೇ ಈ ದಾರಿಯ ಮೊದಲ ಲೇಖನ ಬರೆದಾಗಿತ್ತು, 1917ರಲ್ಲಿ ಕಾಯುವ ಹೊತ್ತಿನ ಸೂತ್ರವನ್ನೂ ಕೊಟ್ಟ. ಕಾಲ್ ಸೆಂಟರ್‌ಗಳು ಇವತ್ತಿಗೂ ಎಷ್ಟು ಜನರನ್ನು ಕೂರಿಸಬೇಕು ಎಂದು ನೋಡುವುದು ಅವನ ಹೆಸರಿನ ಲೆಕ್ಕದಲ್ಲೇ. ಅಂದಮೇಲೆ 38 ನಿಮಿಷ ಅನ್ನುವುದು ಆಕಸ್ಮಿಕ ಅಲ್ಲ. ಯಾರೋ ಒಬ್ಬರು ಕೂತು 'ಇಷ್ಟು ಹೊತ್ತು ಕಾಯಲಿ ಬಿಡು' ಎಂದು ತೀರ್ಮಾನ ಮಾಡಿದ್ದಾರೆ. ಕಷ್ಟದ ಗ್ರಾಹಕ ಅಂತಾರಲ್ಲ, ಅವನು ಅರ್ಧ ತಯಾರಾಗುವುದು ಇಲ್ಲೇ, ಆ ಹೋಲ್ಡ್ ಸಂಗೀತದಲ್ಲಿ. ಉಳಿದರ್ಧವನ್ನು ಏಜೆಂಟ್ ತಯಾರು ಮಾಡುತ್ತಾನೆ, ಅಥವಾ ಮಾಡುವುದಿಲ್ಲ.

ಮೊದಲ ಸಲ ಸಿಕ್ಕ ಹುಡುಗ ಮಾಡಿದ. ಪಾಪ, ಅವನ ಮೇಲೆ ಕೋಪ ಇಲ್ಲ. 'ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ ಸರ್' ಎಂದ. ಒಂದು ಸಲ ಸರಿ. ನಾಲ್ಕು ಸಲ ಅಂದ, ನಾಲ್ಕು ಸಲವೂ ಅದೇ ರಾಗ, ಅದೇ ಉಸಿರು. ಗಿಳಿಪಾಠ. ಯಾವ ಸಾಲಿನ ಬಗ್ಗೆ ತಕರಾರು ಅಂತ ಒಂದು ಸಲವೂ ಕೇಳಲಿಲ್ಲ. 'ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ ಸರ್' ಎಂದ. ಸಿಸ್ಟಮ್‌ನಲ್ಲಿ ಇರುವುದೇ ನನ್ನ ಕೈಯಲ್ಲೂ ಇದೆ ಮಾರಾಯ, ಅದಕ್ಕೇ ಅಲ್ವಾ ಫೋನ್ ಮಾಡಿದ್ದು. ಆಮೇಲೆ 'ಇದು ಕಂಪನಿ ಪಾಲಿಸಿ' ಎಂದ. ಆ ಮಾತಿಗೆ ನನ್ನ ದನಿ ಏರಿತು. ಏರಿದ್ದು ನನಗೇ ಕೇಳಿಸಿತು, ಆದರೂ ಇಳಿಸಲಿಲ್ಲ. ಕೊನೆಗೆ ಲೈನ್ ಕಟ್ಟಾಯಿತು. ಅವನೇ ಕತ್ತರಿಸಿದನೋ, ತಾನಾಗಿ ಹೋಯಿತೋ, ಅವನಿಗೇ ಗೊತ್ತು.

ಎರಡನೇ ಕರೆ ಒಂದು ವಾರದ ಮೇಲೆ. ಇದು ಬಹಳ ಮೆತ್ತಗಿನ ಕರೆ, ನನ್ನ ಪ್ರಕಾರ ನಾಲ್ಕರಲ್ಲಿ ಅತ್ಯಂತ ಕೆಟ್ಟದ್ದೂ ಇದೇ. ಆಕೆ ಎರಡು ನಿಮಿಷ ಕೇಳಿಸಿಕೊಂಡಳು, ತಕ್ಷಣ 'ನಿಮ್ಮ ಖಾತೆಗೆ ಒಂದು ಸಣ್ಣ ಕ್ರೆಡಿಟ್ ಹಾಕ್ತೀನಿ ಸರ್, ಸರಿನಾ?' ಎಂದಳು. ಯಾಕೆ, ಯಾವುದಕ್ಕೆ, ಯಾವ ತಪ್ಪಿಗೆ ಅಂತ ಒಂದು ಮಾತಿಲ್ಲ. ಮೂಗಿಗೆ ತುಪ್ಪ ಸವರಿದರು. ನಾನೂ ಸುಮ್ನೆ ಹೂಂ ಎಂದು ಫೋನಿಟ್ಟೆ. ಒಳಗಿನ ಲೆಕ್ಕ ನನಗೆ ಗೊತ್ತು. ಒಂದು ಕರೆಗೆ ಸರಾಸರಿ ಎಷ್ಟು ನಿಮಿಷ ಹಿಡಿಯಿತು ಅಂತ ದಿನಾ ಬೋರ್ಡಿನ ಮೇಲೆ ಹಾಕುತ್ತಾರೆ. ಬಿಲ್ ಬಿಡಿಸಿ ಹೇಳಲು 14 ನಿಮಿಷ ಬೇಕು, ಸಣ್ಣ ಕ್ರೆಡಿಟ್ ಹಾಕಿ ಸಾಗಹಾಕಲು ನಾಲ್ಕೇ ನಿಮಿಷ. ಸಂಜೆ ಟೀಮ್ ಲೀಡರ್ ಹೊಗಳುವುದು ಯಾರನ್ನು ಹೇಳಿ? ಆದರೆ ರೋಗ ಹಾಗೇ ಇರುತ್ತದಲ್ಲ. ಮುಂದಿನ ಬಿಲ್ಲಿನಲ್ಲಿ ಅದೇ ತಪ್ಪು ಮತ್ತೆ ಬಂತು, ಈ ಸಲ ಮೇಲೊಂದು ತಡ ಶುಲ್ಕದ ಜೊತೆ.

ಮೂರನೇದು ಚಾಟ್. ಯಂತ್ರ. 'ಬಿಲ್ ಬಗ್ಗೆ ತಿಳಿಯಬೇಕೇ? ಬಿಲ್ ಡೌನ್‌ಲೋಡ್ ಮಾಡಿ.' ಅಷ್ಟೇ, ಮುಂದೆ ಬರೆಯುವಂಥದ್ದು ಏನೂ ನಡೆಯಲಿಲ್ಲ.

ನಾಲ್ಕನೇ ಕರೆಗೆ ನಾನು ಯುದ್ಧಕ್ಕೆ ಹೊರಟವನ ಹಾಗೆ ಕೂತೆ. ರೂಟರ್ ವಾಪಸ್ ಕೊಟ್ಟ ರಸೀದಿಯ ಫೋಟೋ, ಹಿಂದಿನ ಕರೆಗಳ ದಿನ, ದೂರಿನ ಟಿಕೆಟ್ ನಂಬರ್, ಎಲ್ಲ ಎದುರಿಗೆ. ಫೋನ್ ಎತ್ತಿದ ಹೆಣ್ಣುಮಗಳು ಹೆಸರು ಹೇಳಿ ಸುಮ್ಮನಾದಳು. ನಾನು ಶುರು ಮಾಡಿದೆ. ಎರಡು ನಿಮಿಷ, ಹೆಚ್ಚೇ ಇರಬಹುದು, ಒಂದೇ ಉಸಿರಿಗೆ. ನಡುವೆ ಬಾಯಿ ಹಾಕಲಿಲ್ಲ. ಕೀಲಿಮಣೆಯ ಟಕಟಕ ಮಾತ್ರ ಕೇಳಿಸುತ್ತಿತ್ತು. ಗಮನಿಸಿ, ಮ್ಯೂಟ್ ಹಾಕಿರಲಿಲ್ಲ. ನಾವು ಮಾಡುತ್ತಿದ್ದ ಕಳ್ಳಾಟ ಅದು: ಬೈಯುವವರು ಸಿಕ್ಕರೆ ಮ್ಯೂಟ್ ಒತ್ತಿ ಪಕ್ಕದವನ ಜೊತೆ ಮಾತು. ಗ್ರಾಹಕನಿಗೆ ಆ ಸತ್ತ ಮೌನ ಗೊತ್ತಾಗುತ್ತದೆ, ಗೊತ್ತಾಗಿ ಇನ್ನೂ ಉರಿಯುತ್ತಾನೆ. ಟಕಟಕ ಕೇಳಿಸಿದರೆ ಯಾರೋ ಬರೆದುಕೊಳ್ಳುತ್ತಿದ್ದಾರೆ ಅಂತಾಗುತ್ತದೆ, ಮಾತು ತಾನಾಗಿ ನಿಧಾನವಾಗುತ್ತದೆ. ನನ್ನದೂ ಆಯಿತು.

ಆಮೇಲೆ ಅವಳು ಕ್ಷಮೆ ಕೇಳಲಿಲ್ಲ. 'ಸಮಾಧಾನ ಮಾಡ್ಕೊಳ್ಳಿ' ಅನ್ನಲೂ ಇಲ್ಲ. ಅದನ್ನು ಕೇಳಿ ಸಮಾಧಾನ ಮಾಡಿಕೊಂಡ ಒಬ್ಬ ಮನುಷ್ಯನನ್ನೂ ನಾನು ಆರು ವರ್ಷದಲ್ಲಿ ಕಂಡಿಲ್ಲ. ಅವಳಂದದ್ದು ಇಷ್ಟು: 'ಸರ್, ಒಟ್ಟು ಮೊತ್ತ ಒಂದು ಪಕ್ಕಕ್ಕಿಡೋಣ. ಎರಡನೇ ಪುಟ ನಿಮ್ಮ ಹತ್ತಿರ ಇದೆಯಾ? ನಾನು ಒಂದೊಂದೇ ಸಾಲು ಓದ್ತೀನಿ. ಯಾವುದು ಸರಿ ಇಲ್ಲ ಅನ್ಸತ್ತೋ ಅಲ್ಲೇ ನಿಲ್ಲಿಸಿ.'

ಇದು ನೋಡಿ ಕಸುಬು ಅಂದರೆ. ಒಟ್ಟು ಮೊತ್ತ ಹಿಡಿದುಕೊಂಡರೆ ಅದು ಜಗಳ. 'ಜಾಸ್ತಿ', 'ಇಲ್ಲ ಸರ್ ಸರಿ ಇದೆ', 'ಜಾಸ್ತಿ', 'ಇಲ್ಲ ಸರ್', ಬೆಳಗಿನ ತನಕ ಇದೇ ನಡೆಯಬಹುದು. ಸಾಲು ಹಿಡಿದರೆ ಅದು ಮಾತುಕತೆ. ನಾಲ್ಕು ಸಾಲು ಬೇರೆ ಮಾಡಿದರೆ ನಾಲ್ಕಕ್ಕೆ ನಾಲ್ಕು ಉತ್ತರ ಇರಬಹುದು. ನನ್ನ ಬಿಲ್ಲಿನಲ್ಲಿ ಇದ್ದೂ ಇತ್ತು.

ಮೊದಲ ಸಾಲು ಪ್ಲಾನ್ ಬಾಡಿಗೆ. ಬಾಡಿಗೆಯನ್ನು ಇವರು ತಿಂಗಳು ಶುರುವಾಗುವ ಮೊದಲೇ ಹಾಕುತ್ತಾರೆ. ನಾನು ನಡುವೆ ಪ್ಲಾನ್ ಬದಲಾಯಿಸಿದ್ದರಿಂದ ಹಳೇ ಪ್ಲಾನಿನ ಉಳಿದ ದಿನಗಳ ದುಡ್ಡು ಮೈನಸ್, ಹೊಸ ಪ್ಲಾನಿನ ಅಷ್ಟೇ ದಿನಗಳದ್ದು ಪ್ಲಸ್, ಅದರ ಮೇಲೆ ಮುಂದಿನ ತಿಂಗಳ ಪೂರ್ತಿ ಬಾಡಿಗೆ ಮುಂಗಡ. ಪ್ಲಾನ್ ಏರಿಸಿದ ಮೇಲಿನ ಮೊದಲ ಬಿಲ್ ಯಾವಾಗಲೂ ಹೀಗೆ ಊದಿಕೊಂಡೇ ಬರುತ್ತದೆ, ಎರಡನೇದರಲ್ಲಿ ಇಳಿಯುತ್ತದೆ. ಲೆಕ್ಕ ಸರಿ ಇತ್ತು. ಅವಳು ದಿನ ಎಣಿಸಿ ಹೇಳಿದಳು, ನಾನು ಪೆನ್ನಿನಲ್ಲಿ ಕೂಡಿಸಿದೆ, ತಾಳೆಯಾಯಿತು. ಇದನ್ನು ಪ್ಲಾನ್ ಬದಲಾಯಿಸುವ ದಿನವೇ ಒಂದು ಮೆಸೇಜಿನಲ್ಲಿ ಹೇಳಿದ್ದರೆ ಕಂಪನಿಯ ಗಂಟೇನು ಹೋಗುತ್ತಿತ್ತು? ಬರುವ ಫೋನಿನಲ್ಲಿ ಎಷ್ಟೋ ಪಾಲು ನಿಲ್ಲುತ್ತಿತ್ತು. ಒಂದು ಸ್ಟಾರ್ ಇಲ್ಲಿ ಹೋಯಿತು.

ಎರಡನೇ ಸಾಲು, 'ಹಿಂತಿರುಗಿಸದ ಉಪಕರಣ'. ಇದು ಸಾಕ್ಷಾತ್ ಅವರ ತಪ್ಪು. ರೂಟರ್ ಕೊಟ್ಟಿದ್ದೇನೆ, ರಸೀದಿ ಇದೆ. ಅವಳು ರಸೀದಿ ಕಳಿಸಿ ಎನ್ನುವ ಬದಲು, 'ರಸೀದಿಯಲ್ಲಿ ಸೀರಿಯಲ್ ನಂಬರ್ ಇದ್ಯಾ, ಕೊನೇ ನಾಲ್ಕು ಅಂಕಿ ಹೇಳಿ' ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಟಕಟಕ. 'ಸಿಕ್ತು. ರೂಟರ್ ನಮ್ಮ ಗೋದಾಮಿಗೆ ಬಂದಿದೆ, ನಿಮ್ಮ ಖಾತೆಯಿಂದ ಬಿಡಿಸಿಲ್ಲ. ನಮ್ಮ ತಪ್ಪು.' ನಮ್ಮ ತಪ್ಪು! ನಾಲ್ಕು ಸುತ್ತಿನಲ್ಲಿ ಈ ಎರಡು ಪದ ಕೇಳಿದ್ದು ಇದೇ ಮೊದಲು. ನಮಗೆ ಟ್ರೈನಿಂಗ್‌ನಲ್ಲಿ ಈ ಪದಗಳನ್ನು ಬಳಸಬೇಡಿ, 'ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಅನ್ನಿ ಎಂದು ಕಲಿಸಿದ್ದರು. ಅನಾನುಕೂಲ ಯಾರೂ ಮಾಡದೆ ತಾನಾಗಿ ಉಂಟಾಯಿತು ಅನ್ನುವ ಹಾಗೆ.

ಮೂರನೇ ಸಾಲಿಗೆ ನನ್ನ ಮರ್ಯಾದೆ ಹೋಗುವುದರಲ್ಲಿತ್ತು. ಯಾವುದೋ ಸಿನಿಮಾ ಪ್ಯಾಕ್. 'ನಾನು ಇದನ್ನು ಕೇಳೇ ಇಲ್ಲ' ಎಂದು ಎರಡನೇ ಪುಟ ನೋಡಿದಾಗಿನಿಂದ ಗುಡುಗುತ್ತಿದ್ದೆ. ಅವಳ ಸ್ಕ್ರೀನಿನಲ್ಲಿ ಎಲ್ಲ ಇತ್ತು: ಯಾವ ದಿನ, ಎಷ್ಟು ಹೊತ್ತಿಗೆ, ನನ್ನ ಆ್ಯಪ್‌ನಿಂದ, 30 ದಿನ ಉಚಿತ, ಆಮೇಲೆ ತಾನಾಗಿ ಮುಂದುವರಿಯುತ್ತದೆ, ಒಪ್ಪಿಗೆ. ನಾನೇ ಒತ್ತಿದ್ದೆ. ರಾತ್ರಿ ಏನೋ ಹುಡುಕುವಾಗ 'ಉಚಿತ' ಅಂತ ಕಂಡು ಒತ್ತಿ ಮರೆತಿದ್ದೆ. ಅವಳು ಇದನ್ನು ಬೇರೆ ಥರ ಹೇಳಬಹುದಿತ್ತು. 'ಸರ್, ನೀವೇ ಒತ್ತಿದ್ದೀರಿ, ರೆಕಾರ್ಡ್ ಇದೆ' ಎಂದು. ನನ್ನ ಜಾಗದಲ್ಲಿ ನಾನಿದ್ದರೆ, ಅಂದರೆ ಅವಳ ಜಾಗದಲ್ಲಿ ಹಳೇ ನಾನಿದ್ದರೆ, ಹಾಗೇ ಹೇಳುತ್ತಿದ್ದೆ, ಸಣ್ಣ ಖುಷಿಯಲ್ಲೇ ಹೇಳುತ್ತಿದ್ದೆ. ಅವಳು ದಿನ ಮತ್ತು ಹೊತ್ತು ಮಾತ್ರ ಓದಿ, 'ಉಚಿತ ಮುಗಿಯೋ ದಿನ ನಾವು ಮೆಸೇಜ್ ಕಳಿಸಲ್ಲ, ಹಾಗಾಗಿ ಬಹಳ ಜನಕ್ಕೆ ಇದು ಬಿಲ್ಲಲ್ಲೇ ಗೊತ್ತಾಗೋದು. ನಿಲ್ಲಿಸಲಾ?' ಎಂದಳು. ನಾನು ಗಂಟಲು ಸರಿ ಮಾಡಿಕೊಂಡು, ನಿಲ್ಲಿಸಿ ಎಂದೆ. ಆ ದುಡ್ಡು ವಾಪಸ್ ಬರುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದಳು, ಅಡ್ಡಗೋಡೆ ಮೇಲೆ ದೀಪ ಇಡಲಿಲ್ಲ. ನಾನು ಸರಿ ಎಂದೆ. ಇಷ್ಟು ದಿನ ಕೂಗಾಡಿದ ಸಾಲಿಗೆ ಸರಿ ಎಂದೆ! ತಪ್ಪು ಮಾಡಿದವನಿಗೆ ಹಿಂದೆ ಸರಿಯಲು ಒಂದು ಬಾಗಿಲು ತೆರೆದಿಟ್ಟರೆ ಅವನು ಹೋಗುತ್ತಾನೆ, ಗೋಡೆಗೆ ಒತ್ತಿದರೆ ಕಚ್ಚುತ್ತಾನೆ.

ನಾಲ್ಕನೇದು ತಡ ಶುಲ್ಕ. ಕೊನೇ ದಿನ ರಾತ್ರಿ ಕಟ್ಟಿದ್ದೆ, ಅವರಿಗೆ ಮುಟ್ಟಿದ್ದು ಮಾರನೇ ದಿನ. ನಿಯಮದ ಪ್ರಕಾರ ಶುಲ್ಕ ಸರಿ. 'ಇದು ತಪ್ಪಿಂದ ಬಂದ ಶುಲ್ಕ ಅಲ್ಲ, ಆದ್ರೆ ಈ ಸಲ ಬಿಡೋ ಅಧಿಕಾರ ನನಗಿದೆ, ಬಿಡ್ತೀನಿ' ಎಂದಳು. ಎರಡನೇ ಕರೆಯ ಕ್ರೆಡಿಟ್‌ಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ದುಡ್ಡು ಹೆಚ್ಚುಕಮ್ಮಿ ಅಷ್ಟೇ. ಆದರೆ ಇದು ಯಾವುದಕ್ಕೆ ಅಂತ ನನಗೆ ಗೊತ್ತು, ಮತ್ತೆ ಕೇಳಿದರೆ ಸಿಗುವುದಿಲ್ಲ ಅಂತಲೂ ಗೊತ್ತು.

ರೂಟರ್ ದುಡ್ಡು ಮಾತ್ರ ಅವಳ ಮಿತಿಗಿಂತ ಜಾಸ್ತಿ, ಸೂಪರ್‌ವೈಸರ್ ಸಹಿ ಬೇಕು. 'ಮೇಲಕ್ಕೆ ಕಳಿಸಿದ್ದೇನೆ, ಕಾಯಿರಿ' ಎನ್ನಲಿಲ್ಲ. ಯಾವ ದಿನದೊಳಗೆ ಆಗುತ್ತದೆ ಹೇಳಿದಳು, ಅಲ್ಲಿಯವರೆಗೆ ಆ ಮೊತ್ತದ ಮೇಲೆ ತಡ ಶುಲ್ಕ ಬೀಳದ ಹಾಗೆ ತಡೆ ಹಾಕಿದಳು, ತಕರಾರು ಇಲ್ಲದ ಮೊತ್ತವನ್ನು ಮಾತ್ರ ಈಗ ಕಟ್ಟಿಬಿಡಿ ಎಂದಳು. ಇದನ್ನು ನೀವೂ ಕೇಳಿ ಪಡೆಯಿರಿ. ಇಡೀ ಬಿಲ್ ಕಟ್ಟುವುದಿಲ್ಲ ಎಂದು ಹಠ ಹಿಡಿದರೆ ಲೈನ್ ಹೋಗುತ್ತದೆ, ಆಮೇಲೆ ಜಗಳವೇ ಬೇರೆ ಆಗುತ್ತದೆ. ಮಾತಾಡಿದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ ಇಮೇಲ್ ಕೂಡ ಕಳಿಸಿದಳು, ಫೋನ್ ಇಡುವ ಮೊದಲೇ ಬಂತು. ದೂರು ನಿಭಾಯಿಸುವುದಕ್ಕೆ ಐಎಸ್ಒ 10002 ಎಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, 2004ರಲ್ಲಿ ಬಂದದ್ದು, 2018ರಲ್ಲಿ ಮತ್ತೆ ಪರಿಷ್ಕರಿಸಿದ್ದು. ದೂರು ಬಂತು ಎಂದು ತಿಳಿಸಿ, ಎಲ್ಲಿಗೆ ಬಂತು ಎಂದು ಹೇಳುತ್ತಿರಿ, ದೂರು ಕೊಡಲು ದುಡ್ಡು ತಗೋಬೇಡಿ, ಪಕ್ಷಪಾತ ಇಲ್ಲದೆ ನೋಡಿ, ಇಂಥದ್ದೇ ಮಾತು ಅದರಲ್ಲಿರುವುದು. ಅವಳು ಅದನ್ನು ಓದಿದ್ದಾಳೋ ಇಲ್ಲವೋ, ನಡೆದುಕೊಂಡದ್ದು ಹಾಗೇ.

ಇಲ್ಲಿ ನನ್ನ ಹಳೇ ಡೆಸ್ಕಿನ ಒಂದು ಕಥೆ ಹೇಳಲೇಬೇಕು, ಇಲ್ಲದಿದ್ದರೆ ನಾನು ಯಾಕೆ ಇಷ್ಟು ಹೊಗಳುತ್ತಿದ್ದೇನೆ ಅಂತ ತಿಳಿಯುವುದಿಲ್ಲ. ನಮ್ಮಲ್ಲಿ ಒಬ್ಬ ಹಿರಿಯರು ತಿಂಗಳಿಗೆ ಎರಡು ಸಲವಾದರೂ ಫೋನ್ ಮಾಡುತ್ತಿದ್ದರು. ಒಬ್ಬನೇ ಇದ್ದೇನೆ, ಇಷ್ಟು ಕರೆಂಟ್ ಹೇಗೆ ಸುಡುತ್ತೇನೆ ಅಂತ ಕೂಗಾಟ. ಅವರ ಖಾತೆಯ ನೋಟ್ಸ್ ತೆರೆದರೆ ಒಂದರ ಕೆಳಗೆ ಒಂದು: 'ಗ್ರಾಹಕ ಒರಟು, ಬಿಲ್ ವಿವರಿಸಲಾಗಿದೆ.' 'ಗ್ರಾಹಕ ಒರಟು, ರೀಡಿಂಗ್ ಸರಿ ಇದೆ.' ನಾನೂ ಹಿಂದೆ ಒಂದು ಬರೆದಿದ್ದೆ. ನೋಟ್ಸ್ ಓದಿಕೊಂಡು ಫೋನ್ ಎತ್ತುವವನಿಗೆ ಆ ಮನುಷ್ಯ ಬಾಯಿ ತೆರೆಯುವ ಮೊದಲೇ ಒರಟ. ಒಂದು ದಿನ, ಒಳ್ಳೇತನದಿಂದಲ್ಲ, ಸುಸ್ತಾಗಿ, ಲೈನಿನಲ್ಲಿ ಹಾಗೇ ಇರಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮೀಟರ್ ನೋಡಿ ಬನ್ನಿ ಎಂದೆ. ಮೆಟ್ಟಿಲಿಳಿದು ಹೋದ ಸದ್ದು ಕೇಳಿಸಿತು. ಬಹಳ ಹೊತ್ತಾಯಿತು, ಟೀಮ್ ಲೀಡರ್ ದೂರದಿಂದ ಕೈ ಎತ್ತಿ ಗಡಿಯಾರ ತೋರಿಸಿದ. ಏದುಸಿರು ಬಿಡುತ್ತಾ ವಾಪಸ್ ಬಂದರು. 'ಇನ್ನೂ ಮಿಣುಕ್ತಾ ಇದೆಯಪ್ಪಾ' ಎಂದರು. ಕೂಗಲಿಲ್ಲ, ಪಿಸುಗುಟ್ಟಿದ ಹಾಗೆ ಹೇಳಿದರು. ಮನೆಯಲ್ಲಿ ಎಲ್ಲ ಆರಿದೆ, ಮೀಟರಿನ ದೀಪ ಮಿಣುಕುತ್ತಿದೆ. ಅಂದರೆ ಅವರ ಹೆಸರಿನ ಮೀಟರ್‌ಗೆ ಜೋಡಿಸಿರುವುದು ಬೇರೆಯವರ ಮನೆ. ಎರಡು ಮನೆಯ ಮೀಟರ್ ಅದಲುಬದಲಾಗಿತ್ತು. ಇದು ಅಪರೂಪದ ಸಂಗತಿಯೂ ಅಲ್ಲ, ಸಾಲುಮನೆಗಳಲ್ಲಿ ಆಗುವಂಥದ್ದೇ. ರೀಡಿಂಗ್ ಸರಿಯಾಗೇ ಇತ್ತು, ನಾವೆಲ್ಲ ಹೇಳಿದ್ದೂ ನಿಜವೇ, ಆದರೆ ಮನೆ ಅವರದ್ದಲ್ಲ. ಪಕ್ಕದ ಮನೆಯವರಂತೂ ಒಂದು ದಿನವೂ ಫೋನ್ ಮಾಡಿರಲಿಲ್ಲ. ಬಿಲ್ ಕಮ್ಮಿ ಬಂದರೆ ಯಾರು ಮಾಡುತ್ತಾರೆ!

ಹಾಗಂತ ಕೂಗುವವರೆಲ್ಲ ಸರಿ ಅಂತ ಅಲ್ಲ. ಸುಮ್ನೆ ಬೈಯುವುದಕ್ಕೇ ಫೋನ್ ಮಾಡುವವರೂ ಇದ್ದಾರೆ. ಅಮ್ಮ, ಅಕ್ಕ ಎಲ್ಲ ಎಳೆದು ತರುತ್ತಾರೆ. ನಮ್ಮಲ್ಲಿ ಮೂರು ಸಲ ಎಚ್ಚರಿಸಿ ಕರೆ ಮುಗಿಸಬಹುದಿತ್ತು, ಆ ನಿಯಮ ಇದ್ದೇ ಇರಬೇಕು. ಎಷ್ಟೋ ಕಡೆ ಅದೂ ಇಲ್ಲ, ಹುಡುಗಿಯರು ಬಾತ್‌ರೂಮಿಗೆ ಹೋಗಿ ಅತ್ತು ಬಂದು ಮುಂದಿನ ಕರೆಗೆ 'ನಮಸ್ಕಾರ' ಎನ್ನುತ್ತಾರೆ. ಮೊದಲ ಕರೆಯಲ್ಲಿ ಆ ಹುಡುಗನ ಮೇಲೆ ನಾನು ಏರಿಸಿದ ದನಿಯೂ ಅವನ ಆ ದಿನದ ಲೆಕ್ಕಕ್ಕೇ ಸೇರಿರುತ್ತದೆ. ನನ್ನ ಖಾತೆಯ ನೋಟ್ಸ್‌ನಲ್ಲಿ ಈಗ ಏನಿರಬಹುದು ಅಂತ ಗೊತ್ತು.

ಈಗ ಸ್ಟಾರ್ ಲೆಕ್ಕಕ್ಕೆ ಬರುತ್ತೇನೆ. ಕರೆ ಮುಗಿದ ಕೂಡಲೇ ಮೆಸೇಜ್ ಬಂತು: 'ನಮ್ಮ ಸೇವೆಯನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ? 0ಯಿಂದ 10.' 2003ರಲ್ಲಿ ಶುರುವಾದ ಈ ಲೆಕ್ಕದ ಒಳಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. 9 ಮತ್ತು 10 ಮಾತ್ರ ಖುಷಿಯ ಗ್ರಾಹಕ. 7, 8 ಕೊಟ್ಟರೆ ಲೆಕ್ಕಕ್ಕಿಲ್ಲ. 0ಯಿಂದ 6 ಎಲ್ಲ ಒಂದೇ, ವಿರೋಧಿ. ನೀವು 'ಪರವಾಗಿಲ್ಲ, ಚೆನ್ನಾಗೇ ಇತ್ತು' ಎಂದು 6 ಒತ್ತಿದರೂ ಸೊನ್ನೆ ಕೊಟ್ಟ ಹಾಗೇ. ಪ್ರಶ್ನೆ ಕೇಳುವುದು ಕಂಪನಿಯ ಬಗ್ಗೆ, ಅಂಕ ಎಷ್ಟೋ ಕಡೆ ಬೀಳುವುದು ಕೊನೆಗೆ ಫೋನ್ ಎತ್ತಿದವರ ಹೆಸರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಕಂಪನಿಯನ್ನು ಸ್ನೇಹಿತರಿಗೆ ಹೇಳುತ್ತೀರಾ ಎಂದರೆ ನನ್ನ ಪ್ರಾಮಾಣಿಕ ಉತ್ತರ 3. ಒತ್ತಿದ್ದು 10. ಆ 3ನ್ನು ಅವಳ ತಲೆ ಮೇಲೆ ಹಾಕಲು ಮನಸ್ಸಾಗಲಿಲ್ಲ, ಅದಕ್ಕೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಟರ್ನೆಟ್ ಸ್ಪೀಡ್ ಕೇಳುತ್ತೀರಾ, ಚೆನ್ನಾಗಿದೆ, ಒಮ್ಮೆಯೂ ನಿಂತಿಲ್ಲ. ಅದಕ್ಕೊಂದು ಸ್ಟಾರ್. ಹೊಸ ಕನೆಕ್ಷನ್ ಹಾಕಲು ಬಂದವರು ಹೇಳಿದ ಹೊತ್ತಿಗೆ ಬಂದರು, ಅದಕ್ಕೊಂದು. ಬಿಲ್, ಹೋಲ್ಡ್, ಚಾಟ್ ಯಂತ್ರ, ಇವಕ್ಕೆ ಏನೂ ಇಲ್ಲ.

ಹೊಸ ಬಿಲ್ ಅವಳು ಹೇಳಿದ ದಿನಕ್ಕೇ ಬಂತು. ಈ ಸಲ ಮೊದಲು ತೆರೆದದ್ದು ಎರಡನೇ ಪುಟ. ರೂಟರ್ ಸಾಲು ಮೈನಸ್ ಚಿಹ್ನೆ ಹಾಕಿಕೊಂಡು ಕೂತಿತ್ತು, ಸಿನಿಮಾ ಪ್ಯಾಕ್ ಇರಲಿಲ್ಲ, ತಡ ಶುಲ್ಕ ಸೊನ್ನೆ. ರೂಟರ್ ರಸೀದಿಯ ಫೋಟೋ ಮಾತ್ರ ಇನ್ನೂ ಫೋನಿನಲ್ಲೇ ಇದೆ. ಅಳಿಸುವ ಧೈರ್ಯ ಇಲ್ಲ.